ಝೆರಾಕ್ಸ್ ಹಾಳೆಯ ನಕ್ಷತ್ರಗಳು

ಡೊಂಬಿವಲಿ ಪೂರ್ವದ ಒಂದು ಶಾಲೆ. ಮೂರನೇ ತರಗತಿ. ಡಬ್ಬಿ ತಿಂದು ಮುಗಿದ ಮೇಲಿನ ಡ್ರಾಯಿಂಗ್ ಪಿರಿಯಡ್. ಟೀಚರ್ ಒಂದು ಕಟ್ಟು ಝೆರಾಕ್ಸ್ ಹಾಳೆ ಹಂಚಿದರು. ಎಲ್ಲದರಲ್ಲೂ ವ್ಯಾನ್ ಗೋ ಬರೆದ ‘ನಕ್ಷತ್ರಗಳ ರಾತ್ರಿ’, ಬಣ್ಣ ಕಳಚಿ ಬರೀ ಗೆರೆಯಾಗಿ ಉಳಿದದ್ದು. ಮಕ್ಕಳು ಅದರೊಳಗೆ ಬಣ್ಣ ತುಂಬಬೇಕು, ಆಕಾಶಕ್ಕೆ ನೀಲಿ, ನಕ್ಷತ್ರಕ್ಕೆ ಹಳದಿ. ಎಡಗಡೆ ಮೇಲಕ್ಕೆದ್ದ ಕಪ್ಪು ಮರವನ್ನು ತೋರಿಸಿ ಒಬ್ಬ ಹುಡುಗ, “ಟೀಚರ್, ಇದು ಎಂಐಡಿಸಿ ಕಾರ್ಖಾನೆ ಹೊಗೆಯಾ?” ಅಂದ. ಟೀಚರ್ ನಕ್ಕು, “ಅಲ್ಲಪ್ಪಾ, ಮರ. ಹಸಿರು ಹಾಕು” ಅಂದರು. ಹುಡುಗ ಹಸಿರು ಹಾಕಿದ.

ಹಿಂದಿನ ಬೆಂಚಿನಲ್ಲಿ ಕೂತು ಇದನ್ನು ನೋಡುತ್ತಿದ್ದ ನನಗೆ ಆ ಟೀಚರ್ ಮೇಲೆ ಸಿಟ್ಟು ಬರಲಿಲ್ಲ. ಅವರೇ ಗಣಿತವನ್ನೂ ಮಾಡಬೇಕು, ಪರಿಸರ ಪಾಠವನ್ನೂ ಮಾಡಬೇಕು. ಆದರೆ ಆ ಹಾಳೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಮಾತ್ರ ಬಿಡಲಿಲ್ಲ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬೈ ಕಡೆಯ ಶಾಲೆಗಳ ಚಿತ್ರಪಾಠದ ಕಥೆಯನ್ನು ಹಿಂದಕ್ಕೆ ಹಿಡಿದು ಹೋದರೆ ಸಿಗುವುದೂ ಹಾಳೆಯ ಕಥೆಯೇ. ಮಗುವಿನ ಮುಂದೆ ಯಾರು ಯಾವ ಹಾಳೆ ಇಟ್ಟರು, ಅದರಿಂದ ಏನು ಬಯಸಿದರು ಎಂಬುದು.

ಮೊದಲ ಹಾಳೆ ವಿಲಾಯಿತಿಯದು. ಜಮ್ಸೆಟ್‌ಜಿ ಜೀಜೀಭಾಯ್ 1853ರಲ್ಲಿ ಕೊಟ್ಟ ಒಂದು ಲಕ್ಷ ರೂಪಾಯಿಯಿಂದ 1857ರಲ್ಲಿ ಮುಂಬೈಯ ಜೆ.ಜೆ. ಕಲಾಶಾಲೆ ಶುರುವಾಯಿತು. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಬಿಟ್ಟದ್ದೂ ಅದೇ 1853ರಲ್ಲಿ. ಹಾಗಾಗಿ ಈ ಸೀಮೆಗೆ ರೈಲೂ ಚಿತ್ರಶಾಲೆಯ ದುಡ್ಡೂ ಒಂದೇ ವರ್ಷ ಬಂದವು ಎಂದು ನಾನು ತಮಾಷೆಗೆ ಹೇಳುವುದುಂಟು. ಶಾಲೆಯ ಉದ್ದೇಶ ಕಲಾವಿದರನ್ನು ಹುಟ್ಟಿಸುವುದಕ್ಕಿಂತ ಕುಶಲಕರ್ಮಿಗಳ ಕೈ ತಿದ್ದುವುದಾಗಿತ್ತು. ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ ಪದ್ಧತಿಯಂತೆ ಮೊದಲು ಸರಳರೇಖೆ, ಆಮೇಲೆ ವಕ್ರರೇಖೆ, ಆಮೇಲೆ ಎಲೆಬಳ್ಳಿಯ ಅಲಂಕಾರ, ಕೊನೆಗೆ ಪ್ಲಾಸ್ಟರಿನ ಗ್ರೀಕ್ ಮೂರ್ತಿ. 1879ರಲ್ಲಿ ಅಲ್ಲಿ ರೇಖಾಚಿತ್ರ ಒಂದು ಬೋಧನಾ ವಿಷಯವಾಯಿತು. 1893ರಲ್ಲಿ ಡ್ರಾಯಿಂಗ್ ಮೇಷ್ಟ್ರುಗಳನ್ನು ತಯಾರು ಮಾಡುವ ತರಗತಿ ಶುರುವಾಯಿತು. ಶಾಲೆಗಳ ದೃಷ್ಟಿಯಿಂದ ನೋಡಿದರೆ 1893ರದೇ ದೊಡ್ಡ ಸಂಗತಿ. ಕಲಾಶಾಲೆಯ ಕ್ರಮ ಆ ಮೇಷ್ಟ್ರುಗಳ ಜೊತೆಗೆ ಊರೂರಿನ ಹೈಸ್ಕೂಲುಗಳಿಗೆ ನಡೆದು ಹೋಯಿತು.

ಅಲ್ಲಿಂದ ಬೆಳೆದದ್ದು ಪರೀಕ್ಷೆ. ಮಹಾರಾಷ್ಟ್ರದಲ್ಲಿ ‘ಎಲಿಮೆಂಟರಿ’ ಎಂದರೆ ಪ್ರಾಥಮಿಕ ಶಾಲೆ ಎಂದು ಯಾರೂ ತಿಳಿಯುವುದಿಲ್ಲ. “ನಮ್ಮ ಹುಡುಗಿ ಎಲಿಮೆಂಟರಿಗೆ ಕೂತಿದ್ದಾಳೆ” ಎಂದರೆ ಸರಕಾರದ ರೇಖಾಕಲಾ ಪರೀಕ್ಷೆಯ ಮೊದಲ ಮೆಟ್ಟಿಲಿಗೆ ಕೂತಿದ್ದಾಳೆ ಎಂದರ್ಥ. ಎರಡನೆಯದು ಇಂಟರ್‌ಮೀಡಿಯೆಟ್. 1965ರಲ್ಲಿ ಸ್ಥಾಪನೆಯಾದ ಕಲಾ ಸಂಚಾಲನಾಲಯ ಇದನ್ನು ನಡೆಸುತ್ತದೆ. ಎಲಿಮೆಂಟರಿಗೆ ವಸ್ತುಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ, ಭೂಮಿತಿ ಮತ್ತು ಅಕ್ಷರಲೇಖನ. ತಂಬಿಗೆ, ಬದನೆಕಾಯಿ, ಹಿಂದೆ ಮಡಿಕೆ ಬಿಟ್ಟ ಬಟ್ಟೆ. ಹತ್ತನೇ ತರಗತಿಯಲ್ಲಿ ಇಂಟರ್‌ಮೀಡಿಯೆಟ್ಟಿನ ಎ ಶ್ರೇಣಿಗೆ 7, ಬಿಗೆ 5, ಸಿಗೆ 3 ಹೆಚ್ಚುವರಿ ಅಂಕ ಸಿಗುತ್ತದೆ. ಈ 7 ಅಂಕದ ಮಹಿಮೆಯಿಂದ ಡೊಂಬಿವಲಿಯ ಗಲ್ಲಿಗಲ್ಲಿಯಲ್ಲಿ ಚಿತ್ರಕಲಾ ಕ್ಲಾಸುಗಳು ಬದುಕಿವೆ. ಮಗನಿಗೆ ಚಿತ್ರ ಬರದಿದ್ದರೂ ಪರವಾಗಿಲ್ಲ, ಬಾಟಲಿಯ ಬಾಯಿ ಅಂಡಾಕಾರವಾಗಿ ಕಂಡರೆ ಸಾಕು.

ನಮ್ಮವರಿಗೆ ಇದು ಅಪರಿಚಿತವಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಕಡೆಯ ಪ್ರದೇಶಗಳು 1956ರ ನವೆಂಬರ್ 1ರವರೆಗೆ ಮುಂಬೈ ಆಡಳಿತದಲ್ಲಿದ್ದವು. ಅಲ್ಲಿನ ಹಳೆಯ ತಲೆಮಾರಿನ ಡ್ರಾಯಿಂಗ್ ಮೇಷ್ಟ್ರುಗಳಿಗೆ ದಾರಿ ತೋರಿಸಿದ್ದೂ ಇದೇ ಜೆ.ಜೆ. ಪದ್ಧತಿ. ಕರ್ನಾಟಕದಲ್ಲಿ ಈಗಿರುವ ಲೋವರ್, ಹೈಯರ್ ಗ್ರೇಡ್ ಪರೀಕ್ಷೆಗಳನ್ನು ನೋಡಿದರೆ ಅಣ್ಣತಮ್ಮಂದಿರ ಮುಖಚಹರೆ ಕಾಣುತ್ತದೆ.

ನನಗೆ ಈ ಪರೀಕ್ಷೆಯ ಮೇಲೆ ಒಂದಿಷ್ಟು ಗೌರವವಿದೆ, ಹೇಳಿಬಿಡುತ್ತೇನೆ. ತಂಬಿಗೆಯನ್ನು ಎದುರಿಗಿಟ್ಟು ಬರೆಯುವ ಮಗು ತಂಬಿಗೆಯನ್ನಾದರೂ ನೋಡುತ್ತದೆ. ಆದರೆ ಅದು ಏಳನೇ, ಎಂಟನೇ ತರಗತಿಯ ಮಾತು. ಅದಕ್ಕೂ ಕೆಳಗಿನ ತರಗತಿಗಳಲ್ಲಿ ಏನಾಗುತ್ತಿತ್ತು? ಕರಿಹಲಗೆಯ ಮೇಲೆ ಎರಡು ತ್ರಿಕೋನದ ಗುಡ್ಡ, ನಡುವೆ ಅರ್ಧ ಸೂರ್ಯ, ಒಂದು ಮನೆ, ಒಂದು ತೆಂಗಿನ ಮರ, ‘ವಿ’ ಆಕಾರದ ಹಕ್ಕಿ. ಕಲ್ಯಾಣದ ಚಾಳಿನಲ್ಲಿ ಹುಟ್ಟಿದ ಮಗುವೂ ಅದನ್ನೇ ಬರೆಯಿತು, ನವಿಮುಂಬೈಯ ನೆರುಳಿನಲ್ಲಿ ಹದಿನಾರನೇ ಮಹಡಿಯ ಮಗುವೂ ಅದನ್ನೇ ಬರೆಯಿತು.

ಇದಕ್ಕೆ ವಿರೋಧವಾದ ಗಾಳಿ ಎಲ್ಲೆಲ್ಲಿಂದಲೋ ಬೀಸಿದ್ದು ನಿಜ. ವಿಯೆನ್ನಾದಲ್ಲಿ ಫ್ರಾನ್ಸ್ ಚಿಜೆಕ್ 1897ರಲ್ಲೇ ಮಕ್ಕಳಿಗೆ ಮಾದರಿಯಿಲ್ಲದೆ ಬರೆಯಲು ಬಿಟ್ಟ. 1930ರಲ್ಲಿ ರವೀಂದ್ರನಾಥ ಠಾಕೂರರ ‘ಸಹಜ್ ಪಾಠ್’ ಎಂಬ ಬಾಲಪಾಠಕ್ಕೆ ನಂದಲಾಲ್ ಬೋಸ್ ಕೆತ್ತನೆಯ ಚಿತ್ರಗಳನ್ನು ಮಾಡಿಕೊಟ್ಟರು. ಶಾಂತಿನಿಕೇತನದಲ್ಲಿ ಕಲಿತ ದೇವಿಪ್ರಸಾದ್ ಸೇವಾಗ್ರಾಮದ ಮಕ್ಕಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರು. 1949ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ದಿಲ್ಲಿಯಲ್ಲಿ ಮಕ್ಕಳ ಚಿತ್ರಸ್ಪರ್ಧೆ ತೊಡಗಿದರು. ಠಾಣೆ ಸೀಮೆಗೆ ಇದೆಲ್ಲ ಬಂದು ಮುಟ್ಟಿದ್ದು ಮುಖ್ಯವಾಗಿ ಸ್ಪರ್ಧೆಗಳ ರೂಪದಲ್ಲಿ: ಕ್ರೇಯಾನ್ ಡಬ್ಬಿ, ಸರ್ಟಿಫಿಕೇಟು, ಹೊರಗೆ ಕಾಯುವ ಅಪ್ಪ ಅಮ್ಮ.

ನಿಜವಾದ ತಿರುವು ಬಂದದ್ದು ಜಿಲ್ಲೆಯ ಒಳಗಿನಿಂದಲೇ. 2014ರ ಆಗಸ್ಟ್ 1ರಂದು ಪಾಲ್ಘರ್ ಬೇರೆ ಜಿಲ್ಲೆಯಾಗುವವರೆಗೆ ಡಹಾಣೂ ತಾಲೂಕು ಠಾಣೆಗೆ ಸೇರಿತ್ತು. ಅಲ್ಲಿನ ಗಂಜಾಡ್ ಹಳ್ಳಿಯ ಜಿವ್ಯಾ ಸೋಮಾ ಮಾಶೆ ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು ಮಾತು ಬಿಟ್ಟವರು. ಮಾತಿನ ಬದಲು ಮಣ್ಣಿನಲ್ಲಿ ಗೆರೆ ಎಳೆದರು. ಅವರ ವಾರ್ಲಿ ಬುಡಕಟ್ಟಿನಲ್ಲಿ ಚಿತ್ರ ಹೆಂಗಸರ ಕೆಲಸವಾಗಿತ್ತು. ಮದುವೆ ಮನೆಯ ಗೋಡೆಗೆ ಸೆಗಣಿ, ಕೆಮ್ಮಣ್ಣು ಸಾರಿಸಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಮುತ್ತೈದೆಯರು ಪಾಲಘಟ್ ದೇವಿಯ ಚೌಕ ಬರೆಯುತ್ತಿದ್ದರು. ಮಾಶೆ ಮದುವೆಗೆ ಕಾಯದೆ ದಿನವೂ ಬರೆದರು. 1970ರ ದಶಕದಲ್ಲಿ ಕಲಾವಿದ ಭಾಸ್ಕರ ಕುಲಕರ್ಣಿ ಅವರ ಮೂಲಕ ಈ ಚಿತ್ರಗಳು ಕಾಗದಕ್ಕೂ ನಗರಕ್ಕೂ ಬಂದವು. ಮಾಶೆಗೆ 1976ರಲ್ಲಿ ರಾಷ್ಟ್ರಪ್ರಶಸ್ತಿ, 2011ರಲ್ಲಿ ಪದ್ಮಶ್ರೀ. 2018ರಲ್ಲಿ ಅವರು ತೀರಿಕೊಂಡರು.

ಇಂದು ಈ ನಾಲ್ಕು ಊರುಗಳಲ್ಲಿ ವಾರ್ಲಿ ಬರೆಯದೆ ಪ್ರಾಥಮಿಕ ಶಾಲೆ ದಾಟಿದ ಮಗು ಅಪರೂಪ. ಎರಡು ತ್ರಿಕೋನ ತುದಿಗೆ ತುದಿ ಕೂಡಿದರೆ ಮೈ, ಮೇಲೊಂದು ಸೊನ್ನೆ, ಕೈಕಾಲಿಗೆ ಕಡ್ಡಿ. ಸುಲಭ ಎನ್ನುವ ಕಾರಣಕ್ಕೇ ಅದು ಪಾಠವಾಯಿತು, ಸುಲಭ ಎನ್ನುವ ಕಾರಣಕ್ಕೇ ಕೆಟ್ಟಿತು ಕೂಡ. ಕಂದು ಚಾರ್ಟಿನ ಮೇಲೆ ಬಿಳಿ ಪೋಸ್ಟರ್ ಕಲರಿನಲ್ಲಿ ಯಾವಾಗಲೂ ಅದೇ ತಾರ್ಪಾ ಕುಣಿತದ ಸುರುಳಿ. ಮಾಶೆಯವರ ಮೀನುಬಲೆಯ ಚಿತ್ರವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಕೂದಲೆಳೆಯಂಥ ಗೆರೆಗಳು ಸಾವಿರಗಟ್ಟಲೆ ಒಂದರ ಪಕ್ಕ ಒಂದು ನಡುಗುತ್ತ ಹೋಗಿ ಬಲೆಯೇ ಉಸಿರಾಡಿದ ಹಾಗಿರುತ್ತದೆ. ಅಲ್ಲಿ ತ್ರಿಕೋನದ ಮನುಷ್ಯ ಎಲ್ಲೋ ಮೂಲೆಯಲ್ಲಿ, ಇರುವೆಯಷ್ಟು. ಶಾಲೆಗೆ ಬಂದದ್ದು ಆ ಮನುಷ್ಯ ಮಾತ್ರ, ಬಲೆ ಬರಲಿಲ್ಲ.

ಇನ್ನೊಂದು ಬೇಸರ ಹೇಳಬೇಕು. ಕೆಂಪು ಗೋಡೆ, ಅಕ್ಕಿಹಿಟ್ಟಿನ ಬಿಳಿ, ಮದುವೆಯ ಚೌಕ ಎಂದ ಕೂಡಲೇ ಕನ್ನಡದ ಟೀಚರಿಗೆ ಹಸೆ ಚಿತ್ತಾರ ನೆನಪಾಗಬೇಡವೇ? ಸಾಗರ ಸೀಮೆಯ ದೀವರ ಹೆಂಗಸರು ಪುಂಡಿ ನಾರಿನ ಕುಂಚದಲ್ಲಿ ಕೆಮ್ಮಣ್ಣಿನ ಗೋಡೆಗೆ ಬರೆಯುವುದೂ ಮದುವೆಯದೇ ಚಿತ್ರ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯವಿದೆ, ಠಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘದ ಶಾಲೆಯಿದೆ. ಕನ್ನಡಿಗರು ಕೈಯಿಂದ ದುಡ್ಡು ಹಾಕಿ ಕಟ್ಟಿದ ಇಂಥ ಸಂಸ್ಥೆಗಳಿರುವ ಊರಿನಲ್ಲಿ ವಾರ್ಲಿ ಮತ್ತು ಚಿತ್ತಾರವನ್ನು ಒಂದೇ ಗೋಡೆಯ ಮೇಲೆ ಅಕ್ಕಪಕ್ಕ ಬರೆಸಿದರೆ ಅದೇ ಒಂದು ವರ್ಷದ ಪಾಠ.

ಈಗ ಆ ಝೆರಾಕ್ಸ್ ಹಾಳೆಗೆ ಬರೋಣ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯವಾಗಬೇಕೆಂದಿತು. 2020ರ ಶಿಕ್ಷಣ ನೀತಿ ಎಲ್ಲ ವಿಷಯಗಳನ್ನೂ ಕಲೆಯ ಜೊತೆ ಬೆಸೆಯಬೇಕೆಂದಿತು. 2024ರಲ್ಲಿ ಎನ್‌ಸಿಇಆರ್‌ಟಿ ಮೂರನೇ ತರಗತಿಗೆ ‘ಬಾಂಸುರಿ’ ಎಂಬ ಕಲಾಪುಸ್ತಕವನ್ನೇ ತಂದಿತು. ಇಷ್ಟೆಲ್ಲ ಹೇಳಿದ ಮೇಲೆ ಕಲಿಸುವವರು ಯಾರು? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿ ತೆಗೆದು ನೋಡಿ. ಕಲೆಗೆ ಅರೆಕಾಲಿಕ ಬೋಧಕರು ಎಂಬ ಮಾತಿರುವುದು ಆರರಿಂದ ಎಂಟನೇ ತರಗತಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದಲ್ಲಿ. ಒಂದರಿಂದ ಐದಕ್ಕೆ ಅಂಥ ಮಾತೇ ಇಲ್ಲ. ಆದ್ದರಿಂದ ಗಣಿತದ ಟೀಚರ್ ರಾತ್ರಿ ಮೊಬೈಲಿನಲ್ಲಿ ಹುಡುಕುತ್ತಾರೆ. ‘ಪ್ರಸಿದ್ಧ ಚಿತ್ರಕಾರರಿಂದ ಪ್ರೇರಿತ ಪಾಠ’ ಎಂಬ ಅಮೆರಿಕದ ಶಾಲೆಗಳ ಸಿದ್ಧ ಸಾಮಗ್ರಿ ಸಿಗುತ್ತದೆ. ವ್ಯಾನ್ ಗೋನ ಸುಳಿ, ಕ್ಯಾಂಡಿನ್‌ಸ್ಕಿಯ ವೃತ್ತ, ಮೊಂಡ್ರಿಯಾನನ ಚೌಕ. ಬೆಳಿಗ್ಗೆ ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಝೆರಾಕ್ಸ್.

ನಕಲು ಮಾಡಿಸುವುದೇ ತಪ್ಪು ಎಂದು ನಾನು ವಾದಿಸಲಾರೆ. ವ್ಯಾನ್ ಗೋ ತಾನೇ ಶುರುವಿನಲ್ಲಿ ಚಾರ್ಲ್ಸ್ ಬಾರ್ಗ್‌ನ ಅಭ್ಯಾಸದ ಹಾಳೆಗಳನ್ನು ಮತ್ತೆ ಮತ್ತೆ ನಕಲು ಮಾಡಿದವನು. ಮುಂದೆ ಮಿಲೆಯನ್ನೂ ಜಪಾನಿನ ಹಿರೋಶಿಗೆಯನ್ನೂ ನಕಲಿಸಿದ. ಆದರೆ ಅವನು ನಕಲಿಸುವಾಗ ಗೆರೆಯನ್ನು ತಾನು ಎಳೆದ. ನಮ್ಮ ಮೂರನೇ ತರಗತಿಯ ಹಾಳೆಯಲ್ಲಿ ಗೆರೆ ಮೊದಲೇ ಎಳೆದು ಮುಗಿದಿದೆ. ಸೌತ್ ಕೆನ್ಸಿಂಗ್‌ಟನ್ನಿನ ಹಾಳೆ ಮಗುವಿನ ಕೈಯನ್ನಾದರೂ ದುಡಿಸುತ್ತಿತ್ತು.

ಚಿತ್ರಕಾರ ಎಸ್.ಎಚ್. ರಝಾ ಅವರ ಬಿಂದುವಿಗೂ ಹೀಗೇ ಆಗಿದೆ. ಕಾಂಪಾಸು ಹಿಡಿದು ವೃತ್ತದೊಳಗೆ ವೃತ್ತ, ನಡುವೆ ಕಪ್ಪು. ಅದು ಮೂಲದಲ್ಲಿ ಒಂದು ಪ್ರಾಥಮಿಕ ಶಾಲೆಯ ಪಾಠ ಎಂಬುದು ಎಷ್ಟು ಜನರಿಗೆ ಗೊತ್ತು? ಮಧ್ಯಪ್ರದೇಶದ ಹಳ್ಳಿ ಶಾಲೆಯಲ್ಲಿ ಮನಸ್ಸು ನಿಲ್ಲದ ಹುಡುಗ ರಝಾನಿಗೆ ಮೇಷ್ಟ್ರು ಗೋಡೆಯ ಮೇಲೊಂದು ಚುಕ್ಕಿ ಇಟ್ಟು ಅದನ್ನೇ ನೋಡುತ್ತ ಕೂರು ಎಂದರು. ಬಣ್ಣವಿಲ್ಲ, ಹಾಳೆಯಿಲ್ಲ. ರಝಾ ಆ ಚುಕ್ಕಿಯನ್ನು ಮುದುಕರಾಗುವವರೆಗೆ ಬಿಡಲಿಲ್ಲ.

ಹಾಗಾದರೆ ನಮ್ಮವರೊಬ್ಬರನ್ನು ಇಟ್ಟುಕೊಂಡು ಪಾಠ ಕಟ್ಟಲು ಆಗದೇ? ಮುಂಬೈ ಕನ್ನಡಿಗರಿಗೆ ಕೆ.ಕೆ. ಹೆಬ್ಬಾರರಿಗಿಂತ ಹತ್ತಿರದ ಚಿತ್ರಕಾರ ಯಾರಿದ್ದಾರೆ? 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ತಂದೆ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದರು. ಮುಂಬೈಗೆ ಬಂದು ಜೆ.ಜೆ.ಯಲ್ಲಿ 1938ರಲ್ಲಿ ಡಿಪ್ಲೊಮಾ ಮುಗಿಸಿ, ಮುಂದೆ ಅಲ್ಲೇ ಕೆಲವು ವರ್ಷ ಕಲಿಸಿದರು. ಪ್ಯಾರಿಸ್ಸಿಗೆ ಹೋಗಿ ಬಂದರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. 1996ರಲ್ಲಿ ಮುಂಬೈಯಲ್ಲೇ ತೀರಿಕೊಂಡರು. ಅವರು ಕೊಟ್ಟ ಚಿತ್ರಗಳು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿವೆ. ಡೊಂಬಿವಲಿಯಲ್ಲಿ ಉಡುಪಿ, ಕಾರ್ಕಳ ಕಡೆಯ ಮನೆಗಳಿಗೆ ಲೆಕ್ಕವಿಲ್ಲ. ಆ ಮನೆಯ ಮಕ್ಕಳಿಗೆ ವ್ಯಾನ್ ಗೋ ಕಿವಿ ಕತ್ತರಿಸಿಕೊಂಡದ್ದು ಗೊತ್ತು, ಹೆಬ್ಬಾರರ ಹೆಸರು ಗೊತ್ತಿಲ್ಲ.

ಹೆಬ್ಬಾರರಲ್ಲಿ ಪ್ರಾಥಮಿಕ ಶಾಲೆಗೆ ಒದಗುವುದು ಅವರ ದೊಡ್ಡ ತೈಲಚಿತ್ರಗಳಲ್ಲ, ಗೆರೆ. 1964ರಲ್ಲಿ ಬಂದ ಅವರ ರೇಖಾಚಿತ್ರಗಳ ಪುಸ್ತಕದ ಹೆಸರೇ ‘ಹಾಡುವ ಗೆರೆ’ ಎಂಬ ಅರ್ಥದ್ದು. ನರ್ತಕಿಯ ಬೆನ್ನಿನಿಂದ ಹೊರಟ ಶಾಯಿಯ ಗೆರೆ ತೋಳಾಗಿ, ಸೆರಗಾಗಿ, ಕಾಲ್ಗೆಜ್ಜೆಯಲ್ಲಿ ಬಂದು ನಿಲ್ಲುತ್ತದೆ. ಈ ಲಯ ಕೈಗೆ ಬರಲಿ ಎಂದು ಅವರು ಕಥಕ್ ಕಲಿತರು. ಇಲ್ಲಿ ಪಾಠ ಇರುವುದು ಈ ಕಥಕ್‌ನಲ್ಲಿ. ಬರೆಯುವ ಮುಂಚೆ ಮೈಗೆ ತಿಳಿಯಬೇಕು ಎಂಬ ಹಟದಲ್ಲಿ.

ಕಳೆದ ವರ್ಷ ಠಾಣೆಯ ಒಂದು ಭಾನುವಾರದ ಕನ್ನಡ ತರಗತಿಯಲ್ಲಿ ಇದನ್ನು ಮಾಡಿ ನೋಡಿದೆ. ಹದಿನಾಲ್ಕು ಮಕ್ಕಳು. ಹೆಬ್ಬಾರರ ಎರಡು ರೇಖಾಚಿತ್ರ ತೋರಿಸಿ ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿದೆ. “ಸರ್, ಮುಂದೆ ಇಡಿ, ನೋಡಿಕೊಂಡು ಬರೆಯಬೇಕಲ್ಲ” ಎಂದು ಗಲಾಟೆ. ಇಡಲಿಲ್ಲ. ಭರತನಾಟ್ಯ ಕಲಿಯುವ ಹುಡುಗಿಯೊಬ್ಬಳಿಗೆ ನಡುವೆ ನಿಂತು ಅಡವು ಹಾಕಲು ಹೇಳಿದೆ. ಮೊದಲು ಎಲ್ಲರೂ ಅವಳ ಜೊತೆ ತಟ್ಟಿದರು, ಕೆಳಗಿನ ಮನೆಯವರು ಮೇಲೆ ಬಂದು ವಿಚಾರಿಸುವಷ್ಟು. ಆಮೇಲೆ ಜೆಲ್ ಪೆನ್ನು. ನಿಯಮ ಎರಡೇ. ಪೆನ್ನು ಎತ್ತಬಾರದು, ರಬ್ಬರ್ ಇಲ್ಲ.

ಮೊದಲ ಹಾಳೆಗಳಲ್ಲಿ ಎಲ್ಲರದೂ ನೂಲಿನ ಗಂಟು. ಮೂರನೆಯದಕ್ಕೆ ಬರುವಾಗ ಸದ್ದು ಕಡಿಮೆಯಾಯಿತು. ಒಬ್ಬ ಬರೀ ಪಾದ ಬರೆದ, ಹಾಳೆ ತುಂಬ ಒಂದೇ ಪಾದ. ಒಬ್ಬಳ ಗೆರೆ ಹಾಳೆ ದಾಟಿ ಬೆಂಚಿನ ಮೇಲೆ ಗೇಣುದ್ದ ಹೋಗಿ ವಾಪಸು ಬಂತು. ಇನ್ನೊಬ್ಬಳು ಬರೆದ ಒಂದೇ ಕೈಗೆ ಹನ್ನೊಂದು ಬೆರಳು. ಯಾಕಮ್ಮಾ ಅಂದರೆ, “ಅವಳು ಅಲ್ಲಾಡಿಸ್ತಾನೇ ಇದ್ದಳಲ್ಲ” ಅಂದಳು.

ಕರೆದುಕೊಂಡು ಹೋಗಲು ಬಂದ ಆ ಹುಡುಗಿಯ ತಾಯಿ ಹಾಳೆಯನ್ನು ಹಿಡಿದು, “ಇದು ಎಲಿಮೆಂಟರಿಗೆ ಬರುತ್ತದಾ ಸರ್?” ಎಂದು ಕೇಳಿದರು. ಬರುವುದಿಲ್ಲ ಎಂದೆ. ಅವರು ಬೆರಳುಗಳನ್ನು ಎಣಿಸಿದರು, ಇನ್ನೊಮ್ಮೆ ಎಣಿಸಿದರು. ಆಮೇಲೆ ಮಡಿಸದೆ, ನೋಟ್‌ಬುಕ್ಕಿನ ನಡುವೆ ಚಪ್ಪಟೆಯಾಗಿ ಇಟ್ಟುಕೊಂಡು, ಮಗಳ ಕೈ ಹಿಡಿದು ಸ್ಟೇಷನ್ ಕಡೆ ಓಡಿದರು.