ಬೆನ್ನ ಹಿಂದಿನ ಬೋರ್ಡು

ನನ್ನ ದೊಡ್ಡಪ್ಪ ಕುಂಬಳೆ ಸೀಮೆಯ ಒಂದು ಕನ್ನಡ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಫೋಟೋ ತೆಗೆಯುವುದು ಅವರ ಹವ್ಯಾಸ. ಅದರಿಂದ ಒಂದು ರೂಪಾಯಿಯನ್ನೂ ಸಂಪಾದಿಸಿದವರಲ್ಲ. 1970ರಿಂದ, 2011ರಲ್ಲಿ ತೀರಿಕೊಳ್ಳುವವರೆಗೆ, ಅವರ ಕೈಯಲ್ಲಿ ಐದು ಕ್ಯಾಮರಾಗಳು ಬಂದುಹೋದವು. ಪ್ರತಿ ಸಲವೂ ಹಿಂದಿನದಕ್ಕಿಂತ ಒಳ್ಳೆಯದು ಸಿಕ್ಕಿತೆಂದೇ ಅವರು ನಂಬಿದ್ದರು. ನಾನೂ ಹಾಗೆಯೇ ತಿಳಿದಿದ್ದೆ, 2021ರ ವರೆಗೆ.

ಆ ವರ್ಷದ ಜೂನ್ ತಿಂಗಳಲ್ಲಿ ಗಡಿನಾಡಿನ ಊರ ಹೆಸರುಗಳನ್ನು ಬದಲಿಸುತ್ತಾರಂತೆ ಎಂಬ ಸುದ್ದಿ ಹಬ್ಬಿ ಎರಡೂ ರಾಜ್ಯಗಳಲ್ಲಿ ಗದ್ದಲವಾದದ್ದು ಓದುಗರಿಗೆ ನೆನಪಿರಬಹುದು. ಅಂಥ ಕ್ರಮವೇನೂ ಇಲ್ಲವೆಂದು ಕೇರಳ ಸರಕಾರ ಸ್ಪಷ್ಟಪಡಿಸಿತು. ಗದ್ದಲ ತಣ್ಣಗಾಯಿತು, ನನ್ನ ಕುತೂಹಲ ತಣ್ಣಗಾಗಲಿಲ್ಲ. 1956ರ ನವಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಪೇಟೆಯ ಬೋರ್ಡುಗಳಲ್ಲಿ ಊರ ಹೆಸರನ್ನು ಯಾವ ಲಿಪಿಯಲ್ಲಿ, ಹೇಗೆ ಬರೆಯುತ್ತಿದ್ದರು? 1967ರ ಮಹಾಜನ ವರದಿಯ ಬಗ್ಗೆ ಮಾತಾಡುವವರು ಬೇಕಾದಷ್ಟಿದ್ದಾರೆ. ಅಂಗಡಿ ಬೋರ್ಡಿನ ಬಗ್ಗೆ ಬರೆದಿಟ್ಟವರು ನನಗೆ ಸಿಗಲಿಲ್ಲ. ಹಾಗಾಗಿ ದೊಡ್ಡಪ್ಪನ ನೆಗೆಟಿವ್‌ಗಳನ್ನು ಕೆಳಗಿಳಿಸಿ, ಮನುಷ್ಯರನ್ನು ಬಿಟ್ಟು ಅವರ ಬೆನ್ನ ಹಿಂದೆ ಏನಿದೆ ಎಂದು ನೋಡತೊಡಗಿದೆ.

ಮೊದಲನೆಯದು ಆಗ್ಫಾ ಕ್ಲಿಕ್ ತ್ರೀ. ಭಾರತದಲ್ಲೇ ತಯಾರಾಗುತ್ತಿದ್ದ, ಆ ಕಾಲದ ಎಷ್ಟೋ ಮಧ್ಯಮವರ್ಗದ ಮನೆಗಳ ಮೊದಲ ಕ್ಯಾಮರಾ. ದೂರ ಹೊಂದಿಸುವ ಗೋಜಿಲ್ಲ. ಬಿಸಿಲೋ ಮೋಡವೋ ನೋಡಿ ಒತ್ತಿದರಾಯಿತು. 120 ನಂಬ್ರದ ರೋಲಿನಲ್ಲಿ ಹನ್ನೆರಡೇ ಚಿತ್ರ. ಈ ರೋಲು ಕೊಡಕ್ ಕಂಪೆನಿಯ ಬ್ರೌನಿ ಡಬ್ಬಿ ಕ್ಯಾಮರಾಕ್ಕೆಂದು 1901ರಲ್ಲೇ ಬಂದದ್ದು. ಇಂದಿಗೂ ತಯಾರಾಗುತ್ತಿದೆ ಎಂದರೆ ಆಶ್ಚರ್ಯವೇ. ದೊಡ್ಡಪ್ಪ ಹೆಚ್ಚಾಗಿ ಹಾಕುತ್ತಿದ್ದುದು 'ಇಂದು' ಫಿಲ್ಮ್. ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯದು; 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಸರಕಾರಿ ಸಂಸ್ಥೆ, ಈಗ ಮುಚ್ಚಿದೆ. ನಮ್ಮ ಹಾಗೆಯೇ ಗಡಿಯಾಚೆ ಉಳಿದ ನೀಲಗಿರಿಯ ಫಿಲ್ಮ್‌ನಲ್ಲಿ ಕುಂಬಳೆಯ ಮುಖಗಳು ಮೂಡಿದವು ಎಂದುಕೊಂಡರೆ ನನಗೇನೋ ಸಂತೋಷ.

ಈ ಕ್ಯಾಮರಾದ ಲೆನ್ಸು ತೀರ ಸಾಮಾನ್ಯದ್ದು; ಮೂಲೆಗಳೆಲ್ಲ ಮಸುಕು. ಆದರೆ ನೆಗೆಟಿವ್ ದೊಡ್ಡದು, ಆರು ಸೆಂಟಿಮೀಟರಿನ ಚೌಕ. 35 ಮಿಲಿಮೀಟರ್ ನೆಗೆಟಿವ್‌ಗಿಂತ ವಿಸ್ತೀರ್ಣದಲ್ಲಿ ಮೂರೂವರೆ ಪಟ್ಟು ಹೆಚ್ಚು. ಇನ್ನೊಂದು ಗುಣವೂ ಇದೆ: ಹತ್ತಡಿಯಿಂದ ಗುಡ್ಡದವರೆಗೆ ಎಲ್ಲವನ್ನೂ ಅದು ಒಂದೇ ತೆರನಾಗಿ, ಸುಮಾರಾಗಿ ಕಾಣಿಸುತ್ತದೆ. ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬುದು ಅದಕ್ಕೆ ತಿಳಿಯದು. 1972ರಲ್ಲಿ ಅತ್ತೆಯ ಮದುವೆಯ ದಿಬ್ಬಣ ಬಸ್ಸಿನ ಮುಂದೆ ನಿಂತ ಚಿತ್ರವೊಂದಿದೆ. ಅದನ್ನು ಸ್ಕ್ಯಾನ್ ಮಾಡಿ ಹಿಗ್ಗಿಸಿದಾಗ, ಮದುಮಗನ ಪೇಟದ ಬಲಕ್ಕೆ ಒಂದು ದಿನಸಿ ಅಂಗಡಿಯ ಬೋರ್ಡು ಓದಲು ಬಂತು. ಮೇಲಿನ ಸಾಲು ಕನ್ನಡದಲ್ಲಿ 'ಕುಂಬಳೆ', ಕೆಳಗಿನದು ಮಲಯಾಳದಲ್ಲಿ 'ಕುಂಬಳ'. ಎರಡೂ ಒಂದೇ ಹಲಗೆಯಲ್ಲಿ, ಒಂದೇ ಬಣ್ಣದಲ್ಲಿ, ಬಹುಶಃ ಒಂದೇ ಕೈಯ ಬರಹ.

1979ರಲ್ಲಿ ದುಬಾಯಿಯಿಂದ ರಜೆಯಲ್ಲಿ ಬಂದ ನೆರೆಮನೆಯವರು ಯಾಶಿಕಾ ಇಲೆಕ್ಟ್ರೋ 35 ತಂದುಕೊಟ್ಟರು. ಗಲ್ಫಿನ ದುಡಿಮೆ ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಹವ್ಯಾಸಗಳು ಹುಟ್ಟುತ್ತಲೇ ಇರಲಿಲ್ಲ. ಬೆಳಕು ಸಾಲದಿದ್ದರೆ ಹಳದಿ ದೀಪ, ಹೆಚ್ಚಾದರೆ ಕೆಂಪು ದೀಪ. ಶಟರಿನ ವೇಗವನ್ನು ಅದೇ ಲೆಕ್ಕ ಹಾಕುತ್ತಿತ್ತು. ಅದರ ಎಫ್ 1.7 ಲೆನ್ಸಿನಿಂದ ದೊಡ್ಡಪ್ಪ ಫ್ಲ್ಯಾಶ್ ಇಲ್ಲದೆಯೇ ಬಯಲಾಟದ ಚಿತ್ರ ತೆಗೆದರು. ಆದರೆ ಅದು ಬೇಡುತ್ತಿದ್ದ 5.6 ವೋಲ್ಟಿನ ಪಾದರಸದ ಬ್ಯಾಟರಿ ಇಲ್ಲಿ ಸಿಗುತ್ತಿರಲಿಲ್ಲ. ಬ್ಯಾಟರಿ ಸತ್ತರೆ ಸೆಕೆಂಡಿನ ಐನೂರನೆಯ ಒಂದಂಶದ ವೇಗವೊಂದೇ ಗತಿ. ಆಟದ ರಾತ್ರಿಗೆ ಅದರಿಂದ ಪ್ರಯೋಜನವಿಲ್ಲ.

ಈ ತಾಪತ್ರಯದಿಂದಲೇ 1988ರಲ್ಲಿ ಪೆಂಟಾಕ್ಸ್ ಕೆ 1000 ಕೊಂಡರು. 1976ರಿಂದ 1997ರ ವರೆಗೆ ಮಾರುಕಟ್ಟೆಯಲ್ಲಿದ್ದ ಗಟ್ಟಿ ಯಂತ್ರ. ಬ್ಯಾಟರಿ ಬೆಳಕು ಅಳೆಯುವ ಮುಳ್ಳಿಗೆ ಮಾತ್ರ. ಅದಿಲ್ಲದೆಯೂ ಎಲ್ಲ ವೇಗಗಳೂ ನಡೆಯುತ್ತವೆ. ಮಳೆಗಾಲದಲ್ಲಿ ಬೂಸಲು ಹಿಡಿಯದಂತೆ ಅದನ್ನು ಬಲ್ಬ್ ಉರಿಯುವ ಕಪಾಟಿನಲ್ಲಿ ಇಡುತ್ತಿದ್ದರು. ದೊಡ್ಡಮ್ಮನ ರೇಶ್ಮೆ ಸೀರೆಗೂ ಅಷ್ಟು ಆರೈಕೆ ಇರಲಿಲ್ಲ.

ದೊಡ್ಡಪ್ಪ ನಿಜವಾದ ಛಾಯಾಗ್ರಾಹಕರಾದದ್ದು ಈ ಕ್ಯಾಮರಾದಿಂದ. ನನಗೆ ನಿರಾಶೆಯಾದದ್ದೂ ಇದರಿಂದಲೇ. ಲೆನ್ಸಿನ ಕಿಂಡಿಯನ್ನು ಅಗಲವಾಗಿ ತೆರೆದರೆ ಮುಖ ಮಾತ್ರ ಚೂಪಾಗಿ ನಿಂತು ಹಿನ್ನೆಲೆ ಕರಗುತ್ತದೆ ಎಂಬುದನ್ನು ಅವರು ಕಲಿತರು. ಕಲಿತ ಮೇಲೆ ಬಿಡಲಿಲ್ಲ. 1988ರಿಂದ ಎಂಟು ವರ್ಷಗಳ ಚಿತ್ರಗಳಲ್ಲಿ ಮುಖಗಳು ಅಪೂರ್ವ, ರೆಪ್ಪೆ ಎಣಿಸಬಹುದು. ಪೇಟೆಯೇ ಇಲ್ಲ. ಬೋರ್ಡುಗಳು ಬಣ್ಣದ ಮೋಡಗಳಾಗಿವೆ. ಬ್ಯಾಂಕಿನಲ್ಲಿ ಸಹಿ ಹೋಲಿಸಿ ನೋಡಿ ಪಳಗಿದ ನನ್ನ ಕಣ್ಣಿಗೂ ಒಂದಕ್ಷರ ದಕ್ಕಲಿಲ್ಲ. ಪೇಟೆ ಅತ್ಯಂತ ವೇಗವಾಗಿ ಬದಲಾದದ್ದು ಅದೇ ವರ್ಷಗಳಲ್ಲಿ.

1996ರಲ್ಲಿ ಕೈ ಸೋತಾಗ ಕೊಂಡದ್ದು ಹಗುರವಾದ ಯಾಶಿಕಾ ಎಂಎಫ್ 2. ಅದಕ್ಕೂ ದೂರ ಹೊಂದಿಸುವ ಗೋಜಿಲ್ಲ. ಹಾಗಾಗಿ ಬೋರ್ಡುಗಳು ಮರಳಿ ಬಂದವು. ಆದರೆ ಬಣ್ಣದ ನೆಗೆಟಿವ್ ಬೆಳ್ಳಿಯಲ್ಲ, ಡೈ; ನಮ್ಮ ಸೆಕೆಯಲ್ಲಿ ಮಾಸುತ್ತಲೇ ಇದೆ. 2005ರ ಡಿಜಿಟಲ್ ಕ್ಯಾಮರಾದ ಚಿತ್ರಗಳಲ್ಲಿ ದೂರದ ಅಕ್ಷರ ದೊಡ್ಡದು ಮಾಡಿದೊಡನೆ ಚೌಕ ಚೌಕವಾಗಿ ಒಡೆಯುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಈಗ ನನ್ನ ಮಗಳು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾಳೆ. ಅದರಲ್ಲಿ ಹಿನ್ನೆಲೆಯನ್ನು ಲೆಕ್ಕ ಹಾಕಿ ಅಳಿಸುವ ಸೌಕರ್ಯವೂ ಉಂಟು. ಮುಂಡ್ಯತ್ತಡ್ಕಕ್ಕೋ ಬದಿಯಡ್ಕಕ್ಕೋ ಹೋದಾಗ "ಅದನ್ನು ಬಂದ್ ಮಾಡಿ ತೆಗಿ ಮಗಾ, ಹಿಂದಿನ ಬೋರ್ಡು ಕಾಣಲಿ" ಎಂದರೆ ನಗುತ್ತಾಳೆ.

ಕಳೆದ ವಿಷುವಿಗೆ, ಹಿಂದೆ ದುಬಾಯಿಯಿಂದ ಕ್ಯಾಮರಾ ತಂದುಕೊಟ್ಟ ನೆರೆಮನೆಯ ಹಿರಿಯರಿಗೆ 1972ರ ಆ ಚಿತ್ರವನ್ನು ತೋರಿಸಿದೆ. ಅವರು ದಿಬ್ಬಣವನ್ನು ನೋಡಲೇ ಇಲ್ಲ. ಬೋರ್ಡಿನ ಕೆಳಗೆ, ತಕ್ಕಡಿಯ ಹಿಂದೆ ಬನಿಯನು ತೊಟ್ಟು ನಿಂತವರ ಮೇಲೆ ಬೆರಳಿಟ್ಟು ಮಲಯಾಳದಲ್ಲಿ "ಬಾಪ್ಪ" ಎಂದರು. ಅವರ ಮನೆಯಲ್ಲಿ ತಂದೆಯ ಒಂದು ಫೋಟೋವೂ ಇರಲಿಲ್ಲ. ಆ ಭಾಗವನ್ನಷ್ಟೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕೊಟ್ಟೆ. ಅಂಚಿನಲ್ಲಿ ನಮ್ಮ ಮದುಮಗನ ಪೇಟದ ತುರಾಯಿ ಒಂದಿಷ್ಟು ಉಳಿದಿದೆ.