ಎಳೆಯ ಮಕ್ಕಳ ಮೈಮೇಲೆ ದದ್ದು, ಗುಳ್ಳೆ: ಗುರುತಿಸುವ ಬಗೆ

ಮಗುವಿಗೆ ಜ್ವರ ಬಂದು ಮೈಮೇಲೆ ಗುಳ್ಳೆ ಎದ್ದರೆ ನಮ್ಮ ಮನೆಯ ಹಿರಿಯರು ‘ಅಮ್ಮ ಆಗಿದೆ’ ಎನ್ನುತ್ತಾರೆ. ಪೆರಂಬೂರಿನ ನೆರೆಹೊರೆಯ ತಮಿಳರು ‘ಅಮ್ಮೈ’ ಎನ್ನುತ್ತಾರೆ. ಹೆಸರು ಒಂದೇ ಆದರೂ ಅದರ ಮರೆಯಲ್ಲಿರುವ ಕಾಯಿಲೆಗಳು ಹಲವು. ಕೆಲವು ತಾವಾಗಿಯೇ ಇಳಿಯುತ್ತವೆ. ಕೆಲವು ಜೀವಕ್ಕೇ ಎರವಾಗಬಲ್ಲವು. ಆದುದರಿಂದ ಇವುಗಳ ಲಕ್ಷಣಗಳನ್ನು ಬಂಧುಗಳ ಅನುಕೂಲಕ್ಕಾಗಿ ಇಲ್ಲಿ ಸಂಗ್ರಹಿಸಿ ನೀಡುತ್ತಿದ್ದೇವೆ.

ದಡಾರ (ಗೊಬ್ಬರ, ತಮಿಳಿನಲ್ಲಿ ತಟ್ಟಮ್ಮೈ): ಮೊದಲು ಜ್ವರ, ಕೆಮ್ಮು, ನೆಗಡಿ, ಕೆಂಗಣ್ಣು. ಕೆನ್ನೆಯ ಒಳಭಾಗದಲ್ಲಿ ಬಿಳಿಯ ಚುಕ್ಕೆಗಳು ಕಾಣಬಹುದು. ಮೂರು ನಾಲ್ಕು ದಿನಗಳ ಬಳಿಕ ಕಿವಿಯ ಹಿಂದೆ ಮತ್ತು ಮುಖದಲ್ಲಿ ಎದ್ದ ದದ್ದು ಕೆಳಮುಖವಾಗಿ ಮೈಗೆಲ್ಲ ಹರಡುತ್ತದೆ. ಶ್ವಾಸಕೋಶದ ಉರಿಯೂತ, ಭೇದಿ, ಕಣ್ಣಿನ ತೊಂದರೆಗಳು ಇದರ ಬೆನ್ನಿಗೆ ಬರಬಹುದಾದ್ದರಿಂದ ವೈದ್ಯರಿಗೆ ತೋರಿಸಲೇಬೇಕು. ಅವರು ‘ಎ’ ಜೀವಸತ್ತ್ವವನ್ನೂ ಕೊಡುತ್ತಾರೆ.

ಸೀತಾಳೆ ಸಿಡುಬು (ಚಿನ್ನಮ್ಮೈ): ತುರಿಕೆಯುಳ್ಳ, ನೀರು ತುಂಬಿದ ಗುಳ್ಳೆಗಳು. ಕೆಂಪು ಚುಕ್ಕೆ, ನೀರ್ಗುಳ್ಳೆ, ಒಣಗಿದ ಹಕ್ಕಳೆ ಮೂರೂ ಏಕಕಾಲಕ್ಕೆ ಕಾಣುವುದೇ ಇದರ ಗುರುತು. ಎಲ್ಲ ಗುಳ್ಳೆಗಳೂ ಒಣಗುವವರೆಗೆ ಸೋಂಕು ಹರಡುತ್ತದೆ.

ರುಬೆಲ್ಲಾ: ಸೌಮ್ಯ ಜ್ವರ, ತಿಳಿಗೆಂಪು ದದ್ದು, ಕಿವಿಯ ಹಿಂದೆ ಗಂಟು. ಮಗುವಿಗೆ ಇದು ಲಘುವಾದರೂ ಮನೆಯ ಗರ್ಭಿಣಿಗೆ ತಗುಲಿದರೆ ಗರ್ಭಸ್ಥ ಶಿಶುವಿಗೆ ಅಪಾಯ.

ಕೈ-ಕಾಲು-ಬಾಯಿ ರೋಗ: ಅಂಗೈ, ಅಂಗಾಲುಗಳಲ್ಲಿ ಗುಳ್ಳೆ, ಬಾಯಿಯಲ್ಲಿ ಹುಣ್ಣು. ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ವಾಸಿಯಾಗುತ್ತದೆ. ನೋವಿನಿಂದ ಮಗು ನೀರನ್ನೂ ಒಲ್ಲೆನೆಂದಾಗ ಎಚ್ಚರ ಬೇಕು.

ಡೆಂಗಿ: ತೀವ್ರ ಜ್ವರ, ಮೈಕೈ ನೋವಿನೊಡನೆ ದದ್ದು ಏಳಬಹುದು. ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು ಎಂಬುದನ್ನು ಮರೆಯಬಾರದು.

ಜ್ವರವಿಲ್ಲದೆ, ಕತ್ತು ಬೆನ್ನುಗಳಲ್ಲಿ ಸಣ್ಣಗೆ ಎದ್ದುದು ಚೆನ್ನೈ ಬೇಸಗೆಯ ಬೆವರುಸಾಲೆಯಾಗಿರಬಹುದು. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಸುಲಭವಾಗಿ ಕಾಣದು. ಹಗಲು ಬೆಳಕಿನಲ್ಲಿ ನೋಡಿ, ಕೈಯಿಂದ ಸವರಿ ತಿಳಿಯಬೇಕು.

ತಡಮಾಡಬಾರದ ಸಂದರ್ಭಗಳು

ಗಾಜಿನ ಲೋಟವನ್ನು ಒತ್ತಿ ಹಿಡಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆ, ಏದುಸಿರು, ಫಿಟ್ಸ್, ಎಚ್ಚರಗೊಳಿಸಲಾಗದ ಮಂಪರು, ಕತ್ತು ಬಿಗಿತ, ನಿಲ್ಲದ ವಾಂತಿ, ತೀವ್ರ ಹೊಟ್ಟೆನೋವು, ರಕ್ತಸ್ರಾವ, ಮೂತ್ರ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತುರ್ತು ವಾಹನಕ್ಕೆ 108. ಪೆರಂಬೂರಿಗೆ ಎಗ್ಮೋರಿನ ಸರಕಾರಿ ಮಕ್ಕಳ ಆಸ್ಪತ್ರೆ ದೂರವಲ್ಲ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಬೇರೆ ಲಕ್ಷಣಗಳಿಗಾಗಿ ಕಾಯಲೇಬಾರದು.

ಮನೆಯ ಆರೈಕೆ

ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವ ವಾಡಿಕೆಗೆ ನಮ್ಮ ಆಕ್ಷೇಪವಿಲ್ಲ. ಅದನ್ನು ಕಂಡು ನೆರೆಯ ಮಕ್ಕಳು ದೂರವುಳಿದರೆ ಒಳಿತೇ. ಆದರೆ ‘ಅಮ್ಮನಿಗೆ ಔಷಧ ಕೂಡದು’ ಎಂದು ವೈದ್ಯರನ್ನು ದೂರವಿಡುವುದು, ಪಥ್ಯದ ಹೆಸರಿನಲ್ಲಿ ಊಟ ತಪ್ಪಿಸುವುದು ತರವಲ್ಲ. ಎದೆಹಾಲು, ಗಂಜಿ, ಎಳನೀರು ಧಾರಾಳವಾಗಿ ಸಿಗಲಿ. ಉಗುರು ಕತ್ತರಿಸಿ, ಗುಳ್ಳೆ ಒಡೆಯದಂತೆ ಮೃದುವಾಗಿ ಸ್ನಾನ ಮಾಡಿಸಿ. ಆಸ್ಪಿರಿನ್ ಕೊಡಬೇಡಿ; ಡೆಂಗಿ ಶಂಕೆಯಿದ್ದರೆ ಐಬುಪ್ರೊಫೆನ್ ಕೂಡ ಬೇಡ.

ಲಸಿಕೆ

ದಡಾರ-ರುಬೆಲ್ಲಾ ಲಸಿಕೆಯನ್ನು ಸರಕಾರ ಉಚಿತವಾಗಿ 9ರಿಂದ 12ನೇ ತಿಂಗಳಲ್ಲಿ ಒಮ್ಮೆ, 16ರಿಂದ 24ನೇ ತಿಂಗಳಲ್ಲಿ ಮತ್ತೊಮ್ಮೆ ಹಾಕುತ್ತದೆ. 2017ರ ಫೆಬ್ರವರಿಯಲ್ಲಿ ಈ ಲಸಿಕೆಯ ದೊಡ್ಡ ಅಭಿಯಾನವು ಮೊದಲ ಹಂತದಲ್ಲೇ ಕರ್ನಾಟಕ, ತಮಿಳುನಾಡುಗಳೆರಡರಲ್ಲೂ ನಡೆದುದನ್ನು ನೆನೆಯಬಹುದು. ಬಾಣಂತನಕ್ಕೆ ತವರಿಗೆ ಹೋಗಿ ಬರುವ ನಡುವೆ ಎರಡನೆಯ ಸೂಜಿ ತಪ್ಪದಂತೆ, ಕಾರ್ಡನ್ನು ಜೊತೆಯಲ್ಲೇ ಇರಿಸಿಕೊಳ್ಳಬೇಕು.

ಕೊನೆಯದಾಗಿ ಒಂದು ಮಾತು. ಇಲ್ಲಿಯ ವೈದ್ಯರ ಮುಂದೆ ‘ಗೊಬ್ಬರ’ ಎಂದರೆ ಅರ್ಥವಾಗದು. ‘ಅಮ್ಮೈ’ ಎಂದಷ್ಟೇ ಹೇಳಿದರೆ ಸಾಲದು. ಜ್ವರ ಎಂದು ಬಂತು, ದದ್ದು ಎಲ್ಲಿ ಮೊದಲಾಯಿತು, ಯಾವ ಲಸಿಕೆ ಆಗಿದೆ: ಈ ಮೂರನ್ನು ಬರೆದುಕೊಂಡು ಹೋಗಿರಿ. ಹೆಸರಿಗಿಂತ ಈ ವಿವರವೇ ಮಗುವಿಗೆ ನೆರವಾಗುತ್ತದೆ.