ಸ್ತನ ಕ್ಯಾನ್ಸರ್: ವರದಿ ಬಂದ ಮೇಲೆ ರೋಗಿಯ ಜೊತೆಗಿರಬೇಕಾದ ತಂಡ

ಸ್ತನ ಕ್ಯಾನ್ಸರ್‌ನ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲವೆಂಬ ಕಾರಣಕ್ಕೇ ಮನೆಗೆಲಸ, ಹೊಲಗೆಲಸ, ಹಾಲು ಕರೆಯುವ ಕೆಲಸಗಳ ನಡುವೆ ಮಹಿಳೆಯರು ಅದನ್ನು ತಿಂಗಳುಗಟ್ಟಲೆ ಕಡೆಗಣಿಸುತ್ತಾರೆ. ರೋಗ ಖಚಿತವಾದ ನಂತರವೂ ಅಪಾಯ ಮುಗಿಯುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಿಂದ ಬೆಂಗಳೂರಿನ ಆಸ್ಪತ್ರೆಗೆ ತಿಂಗಳುಗಳ ಕಾಲ ಓಡಾಡಬೇಕಾದ ರೋಗಿ, ಚಿಕಿತ್ಸೆಯನ್ನು ಅರ್ಧಕ್ಕೇ ಕೈಬಿಡುವ ಸಾಧ್ಯತೆ ಇರುತ್ತದೆ. ಇದನ್ನು ತಡೆಯುವುದು ಒಬ್ಬ ವೈದ್ಯರಿಂದ ಆಗುವ ಕೆಲಸವಲ್ಲ. ಅದಕ್ಕೊಂದು ತಂಡವೇ ಬೇಕು.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 98 ಸಾವಿರ ಮಂದಿ ಮೃತಪಟ್ಟರು. ವಿಶ್ವ ಆರೋಗ್ಯ ಸಂಸ್ಥೆಯು ಮೂರು ಗುರಿಗಳನ್ನು ಮುಂದಿಟ್ಟಿದೆ. ಶೇ 60ಕ್ಕಿಂತ ಹೆಚ್ಚು ಪ್ರಕರಣಗಳು ಆರಂಭಿಕ ಹಂತದಲ್ಲೇ ಪತ್ತೆಯಾಗಬೇಕು, ರೋಗಿ ವೈದ್ಯರನ್ನು ಕಂಡ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕು, ಶೇ 80ಕ್ಕಿಂತ ಹೆಚ್ಚು ರೋಗಿಗಳು ಚಿಕಿತ್ಸೆಯನ್ನು ಪೂರ್ಣಗೊಳಿಸಬೇಕು. ತಂಡದ ಅಗತ್ಯ ಎದ್ದು ಕಾಣುವುದು ಈ ಮೂರನೆಯ ಗುರಿಯಲ್ಲಿ.

ಮೊದಲ ಹೆಜ್ಜೆ ಊರಿನಲ್ಲೇ

30 ವರ್ಷ ದಾಟಿದ ಮಹಿಳೆಯರ ಸ್ತನ ತಪಾಸಣೆಗೆ ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದಲೇ ಮಾಡುವ ಪರೀಕ್ಷೆ ಇದು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡು 20 ವರ್ಷ ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಇಂತಹ ತಪಾಸಣೆಯಿಂದ ರೋಗವು ಬೇಗನೆ ಪತ್ತೆಯಾಗುವುದಲ್ಲದೆ, 50 ವರ್ಷ ಮೀರಿದವರಲ್ಲಿ ಸಾವಿನ ಪ್ರಮಾಣ ಶೇ 30ರ ಆಸುಪಾಸು ತಗ್ಗುತ್ತದೆ ಎಂದು ಅದು ತೋರಿಸಿತು.

ಗಂಟು, ಚರ್ಮ ಒಳಕ್ಕೆ ಸೆಳೆದಂತಾಗುವುದು, ತೊಟ್ಟಿನಿಂದ ರಕ್ತ ಬರುವುದು, ಕಂಕುಳಲ್ಲಿ ಗಡ್ಡೆ ಇವುಗಳಲ್ಲಿ ಯಾವುದು ಕಂಡರೂ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವುದು ಸೂಕ್ತ. ಮುಂದಿನ ಪರೀಕ್ಷೆಗೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಗಳಿವೆ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಅದನ್ನು ನಿರ್ಧರಿಸಬೇಕಾದುದು ಸೂಜಿಯಿಂದ ತುಣುಕು ತೆಗೆದು ನೋಡುವ ಬಯಾಪ್ಸಿ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ತಂಡದಲ್ಲಿ ಯಾರ ಪಾತ್ರ ಏನು?

1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಇಂತಹ ಕೇಂದ್ರಗಳಲ್ಲಿ ಶಸ್ತ್ರಚಿಕಿತ್ಸಕರು, ಕಿಮೊಥೆರಪಿ ತಜ್ಞರು, ವಿಕಿರಣ ತಜ್ಞರು, ರೋಗಪತ್ತೆ ಮಾಡುವ ಪೆಥಾಲಜಿಸ್ಟ್ ಹಾಗೂ ರೇಡಿಯಾಲಜಿಸ್ಟ್ ಸೇರಿ ಚಿಕಿತ್ಸೆಯ ಕ್ರಮವನ್ನು ನಿರ್ಧರಿಸುತ್ತಾರೆ. ಶುಶ್ರೂಷಕಿ, ಆಪ್ತಸಮಾಲೋಚಕರು, ಫಿಜಿಯೊಥೆರಪಿಸ್ಟ್, ಆಹಾರ ತಜ್ಞರು ಮತ್ತು ವೈದ್ಯಕೀಯ ಸಮಾಜ ಕಾರ್ಯಕರ್ತರು ಈ ತಂಡದ ಇನ್ನೊಂದು ಭಾಗ. ಯೋಜನೆಯ ಕಾಗದಪತ್ರ, ಧರ್ಮಶಾಲೆ, ನೆರವು ನಿಧಿಗಳ ಮಾಹಿತಿಗೆ ಮೊದಲು ಕಾಣಬೇಕಾದವರು ಸಮಾಜ ಕಾರ್ಯಕರ್ತರೇ.

ನ್ಯೂಯಾರ್ಕ್‌ನ ಬಡ ಬಡಾವಣೆಯಾದ ಹಾರ್ಲೆಮ್‌ನಲ್ಲಿ ಡಾ. ಹೆರಾಲ್ಡ್ ಫ್ರೀಮನ್ ಅವರು 1990ರಲ್ಲಿ ರೋಗಿಗಳಿಗೆ ದಾರಿ ತೋರುವ ಸಹಾಯಕರನ್ನು ನೇಮಿಸಿದ್ದರು. ಉಚಿತ ಅಥವಾ ಅಗ್ಗದ ತಪಾಸಣೆಯೂ ಜೊತೆಗೂಡಿದ್ದರಿಂದ, ಅಲ್ಲಿ ಐದು ವರ್ಷ ಬದುಕುಳಿದವರ ಪ್ರಮಾಣ ಶೇ 39ರಿಂದ ಶೇ 70ಕ್ಕೆ ಏರಿತು. ಔಷಧದಷ್ಟೇ, ಮುಂದಿನ ಕೋಣೆ ಯಾವುದು ಎಂದು ಹೇಳುವವರೂ ಮುಖ್ಯ ಎಂಬುದಕ್ಕೆ ಇದು ನಿದರ್ಶನ.

ಆತುರವೂ ಬೇಡ, ವಿಳಂಬವೂ ಬೇಡ

ವರದಿ ಬಂದ ಮರುದಿನವೇ ಶಸ್ತ್ರಚಿಕಿತ್ಸೆ ಆಗಬೇಕೆಂದಿಲ್ಲ. ಹಾರ್ಮೋನ್ ಗ್ರಾಹಕಗಳು ಮತ್ತು ಹರ್-2 ಪರೀಕ್ಷೆಯ ಫಲಿತಾಂಶ ತಿಳಿದ ನಂತರ ಚಿಕಿತ್ಸೆಯ ಕ್ರಮ ನಿಶ್ಚಯಿಸುವುದು ಒಳಿತು. ಕೆಲವರಿಗೆ ಮೊದಲು ಕಿಮೊಥೆರಪಿ, ನಂತರ ಶಸ್ತ್ರಚಿಕಿತ್ಸೆ ಮಾಡಲಾಗುತ್ತದೆ. ಆರಂಭಿಕ ಹಂತದಲ್ಲಿ ಗಂಟನ್ನಷ್ಟೇ ತೆಗೆದು ವಿಕಿರಣ ನೀಡಿದರೂ ಬದುಕುಳಿಯುವ ಪ್ರಮಾಣ ಇಡೀ ಸ್ತನ ತೆಗೆದಷ್ಟೇ ಇರುತ್ತದೆ. ಇಟಲಿ ಮತ್ತು ಅಮೆರಿಕಗಳಲ್ಲಿ 20 ವರ್ಷ ನಡೆದ ಎರಡು ಅಧ್ಯಯನಗಳು ಇದನ್ನು 2002ರಲ್ಲಿ ದೃಢಪಡಿಸಿದವು. ಆದರೆ ವಿಕಿರಣಕ್ಕೆ ವಾರಕ್ಕೆ ಐದು ದಿನದಂತೆ ಹಲವು ವಾರ ಹಾಜರಾಗಬೇಕು. ದೂರದ ಊರಿನವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆಗಳು ಇವು: ರೋಗ ಯಾವ ಹಂತದಲ್ಲಿದೆ? ಚಿಕಿತ್ಸೆ ಒಟ್ಟು ಎಷ್ಟು ತಿಂಗಳು? ಸ್ತನ ಉಳಿಸಲು ಸಾಧ್ಯವೇ? ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಿದೆಯೇ? ಕಿಮೊಥೆರಪಿಯ ಮುಂದಿನ ಸುತ್ತುಗಳನ್ನು ಕೋಲಾರದಲ್ಲೇ ಪಡೆಯಬಹುದೇ? ರಾತ್ರಿ ತೊಂದರೆಯಾದರೆ ಯಾರಿಗೆ ಕರೆ ಮಾಡಬೇಕು? ಕಿಮೊಥೆರಪಿ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ತಲುಪಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಜಿಲ್ಲೆಯ ಗಡಿ ಭಾಗದ ಅನೇಕ ಮನೆಗಳಲ್ಲಿ ತೆಲುಗು ಮಾತೃಭಾಷೆ. ಅರ್ಥವಾಗದಿದ್ದರೆ ಅದೇ ಭಾಷೆಯಲ್ಲಿ ಮತ್ತೊಮ್ಮೆ ವಿವರಿಸುವಂತೆ ಕೇಳಲು ಸಂಕೋಚಪಡಬೇಕಿಲ್ಲ.

ಹಣ ಮತ್ತು ಪ್ರಯಾಣ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸಾ ವೆಚ್ಚ ಲಭ್ಯ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ₹1.5 ಲಕ್ಷ ಮೀರದಂತೆ ಸಿಗುತ್ತದೆ. ಆಧಾರ್, ಪಡಿತರ ಚೀಟಿ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಂಡರೆ ಅಲೆದಾಟ ತಪ್ಪುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಜೊತೆಗೆ ಹೋಗುವ ಅಕ್ಕ ತಂಗಿಯರಿಗೂ ಇದು ಅನ್ವಯ. ಕ್ಯಾನ್ಸರ್ ರೋಗಿ ಮತ್ತು ಒಬ್ಬ ಸಹಾಯಕರಿಗೆ ರೈಲ್ವೆ ರಿಯಾಯಿತಿಯೂ ಇದ್ದು, ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಅಗತ್ಯ.

ಮನೆಯವರೂ ತಂಡದ ಭಾಗ

ರೋಗಿಗೇ ಹೇಳದೆ ಗಂಡ ಮಕ್ಕಳಷ್ಟೇ ವಿಷಯ ತಿಳಿದುಕೊಂಡು ತೀರ್ಮಾನಿಸುವ ರೂಢಿ ಇನ್ನೂ ಇದೆ. ಯಾವ ಔಷಧ ಏಕೆ ಎಂದು ತಿಳಿಯದ ರೋಗಿ, ಸುಸ್ತಾದ ಕೂಡಲೇ ಅದನ್ನು ನಿಲ್ಲಿಸುವ ಅಪಾಯ ಹೆಚ್ಚು. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯಿಂದ ರೋಗವನ್ನು ಮುಚ್ಚಿಡುವವರೂ ಇದ್ದಾರೆ. ಇದು ಅಂಟುರೋಗವಲ್ಲ; ಆನುವಂಶಿಕ ಕಾರಣದಿಂದ ಬರುವುದು ನೂರರಲ್ಲಿ ಐದರಿಂದ ಹತ್ತು ಪ್ರಕರಣಗಳಲ್ಲಿ ಮಾತ್ರ.

ಕಂಕುಳಿನ ಗ್ರಂಥಿ ತೆಗೆದವರಿಗೆ ಆ ಬದಿಯ ಕೈ ಊದಿಕೊಳ್ಳಬಹುದು. ಹೇಳಿಕೊಟ್ಟ ವ್ಯಾಯಾಮ ಮಾಡುವುದು, ಗಾಯವಾಗದಂತೆ ನೋಡಿಕೊಳ್ಳುವುದು ಅಗತ್ಯ. ಬಿಂದಿಗೆ ಹೊರುವ, ಹಸು ಕರೆಯುವ ಕೆಲಸಗಳಿಗೆ ಯಾವಾಗ ಮರಳಬಹುದೆಂದು ಫಿಜಿಯೊಥೆರಪಿಸ್ಟ್ ಅವರನ್ನು ಕೇಳಬೇಕು. ಅಲ್ಲಿಯವರೆಗೆ ಆ ಕೆಲಸಗಳನ್ನು ಮನೆಯ ಉಳಿದವರು ಹಂಚಿಕೊಳ್ಳಬೇಕು. ಹಾರ್ಮೋನ್ ಮಾತ್ರೆಯನ್ನು ಐದು ವರ್ಷ, ಕೆಲವರು ಹತ್ತು ವರ್ಷ ನುಂಗಬೇಕಾಗುತ್ತದೆ. ಆಸ್ಪತ್ರೆಯ ಓಡಾಟ ಮುಗಿದ ಮೇಲೂ ಆ ಮಾತ್ರೆ ತಪ್ಪದಂತೆ ನೋಡಿಕೊಳ್ಳುವ ಕೆಲಸ ಮನೆಯವರಿಗೂ ಊರಿನ ಆಶಾ ಕಾರ್ಯಕರ್ತೆಗೂ ಸೇರಿದ್ದು.